ಗೊಣಗುವ ಸೇವೆ

ಜೂನ್ ಹನ್ನೊಂದು, ಬುಧವಾರ. ಬೆಳಗಿನಿಂದ ಮೋಡವಿತ್ತು, ಮಳೆ ಬರಲಿಲ್ಲ.

ಆಸ್ಪತ್ರೆಯೊಂದರ ಸರ್ವರ್ ನೋಡಿಕೊಳ್ಳುವ ಚನ್ನವೀರ, ತನಗೆ ಆ ವಿದ್ಯೆ ಕಲಿಸಿದ ಗುರುಗಳ ಮನೆಗೆ ಬಂದು ಕೇಳಿದ:

“ಗುರುಗಳೇ, ನಿನ್ನೆ ಲಿನಕ್ಸ್‌ನ ಹೊಸ ಆವೃತ್ತಿ ಹಾಕಿದೆ. ಎಲ್ಲ ಸೇವೆಗಳೂ ಎದ್ದಿವೆ. ರೋಗಿಗಳ ದಾಖಲೆಗಳ ನಕಲು ತೆಗೆದಿಡುವ ಸೇವೆ ಮಾತ್ರ ಏಳುತ್ತಿಲ್ಲ. ಎಬ್ಬಿಸಿದರೆ ಮತ್ತೆ ಬೀಳುತ್ತದೆ. ಅದರಲ್ಲಿ ನಾನು ಒಂದಕ್ಷರವನ್ನೂ ಮುಟ್ಟಿಲ್ಲ. ತಲೆಬುಡ ತಿಳಿಯುತ್ತಿಲ್ಲ. ಸದ್ಯಕ್ಕೆ ಅದನ್ನು ನಿಲ್ಲಿಸಿಬಿಡಲೇ? ಪರದೆಯ ಮೇಲಿನ ಕೆಂಪಾದರೂ ಹೋಗುತ್ತದೆ.”

ಗುರುಗಳು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಹಾಲಿನ ಸಂಘವಿತ್ತು. ಸಂಜೆ ಮನೆಮನೆಯ ಹಾಲು ಅಲ್ಲಿಗೆ ಬಂದು, ತಣಿಸುವ ಒಂದೇ ಟ್ಯಾಂಕಿಗೆ ಬೀಳುತ್ತಿತ್ತು. ಆ ಊರಿನವರು ಹಾಲನ್ನು ನೆಲಕ್ಕೆ ಚೆಲ್ಲುವವರಲ್ಲ. ಕ್ಯಾನು ತೊಳೆದ ನೀರನ್ನೂ ಕರುವಿನ ಕಲಗಚ್ಚಿಗೆ ಸೇರಿಸುತ್ತಿದ್ದರು.

ಟ್ಯಾಂಕಿಗೊಂದು ಕಂಪ್ಯೂಟರ್ ಇತ್ತು. ಅದರಲ್ಲಿ ಒಂದು ಸೇವೆ ಹಾಲಿನ ಶಾಖವನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಇನ್ನೊಂದು, ಶಾಖ ಏರಿದರೆ ಸೈರನ್ ಕೂಗಿಸುತ್ತಿತ್ತು.

ಒಬ್ಬ ತಂತ್ರಜ್ಞ ಬಂದು ಅದಕ್ಕೆ ಲಿನಕ್ಸ್‌ನ ಹೊಸ ಆವೃತ್ತಿ ಹಾಕಿದ. ಯಂತ್ರ ಮತ್ತೆ ಶುರುವಾದಾಗ ಸೈರನ್ನಿನ ಸೇವೆ ಏಳಲಿಲ್ಲ. ಎಬ್ಬಿಸಿದ, ಬಿತ್ತು. ತೆಗೆದು ಹೊಸದಾಗಿ ಹಾಕಿದ, ಬಿತ್ತು. ತಂತಿ ಅದೇ, ಉಷ್ಣಮಾಪಕ ಅದೇ, ಸೇವೆಯೂ ಅದೇ. ನಿನ್ನೆ ನಡೆದದ್ದು ಇಂದು ಏಕೆ ನಡೆಯದೆಂದು ಅವನಿಗೆ ಹೊಳೆಯಲಿಲ್ಲ. ನಡೆದದ್ದನ್ನೆಲ್ಲ ಯಂತ್ರ ಬರೆದಿಡುವ ಲಾಗ್ ತೆರೆದ. ಕೊನೆಯ ಸಾಲಿನಲ್ಲಿ ‘ವಿಫಲ’ ಎಂದಿತ್ತು. ಅಷ್ಟು ಅವನಿಗೇ ಗೊತ್ತಿತ್ತು. ಮೇಲಿನ ಸಾಲುಗಳನ್ನು ಓದದೆ ಮುಚ್ಚಿದ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಒಳಗೆ ಬಂದರು. ಹೊರಗೆ ಜನ ಕ್ಯಾನು ಹಿಡಿದು ಸಾಲುಗಟ್ಟಿದ್ದರು.

“ಮುಗೀತೇನಪ್ಪ? ಇನ್ನೂ ತಡ ಆದ್ರೆ ಜನ ನನ್ನನ್ನೇ ಹಿಂಡಿಬಿಡ್ತಾರೆ.”

“ಆಯ್ತಕ್ಕ. ಒಂದು ಸೇವೆ ಸುಮ್ಮನೆ ಗೊಣಗ್ತಿತ್ತು, ನಿಲ್ಲಿಸಿಬಿಟ್ಟೆ. ನೋಡಿ, ನಾಲ್ಕೇ ಡಿಗ್ರಿ. ಎಲ್ಲಾ ಹಸಿರು.”

“ಗೊಣಗೋ ಅತ್ತೆ ಇದ್ರೇನೇ ಕಣಪ್ಪ, ಒಲೆ ಮೇಲಿನ ಹಾಲು ಉಕ್ಕದೇ ಇರೋದು,” ಎಂದು ಅವರು ನಕ್ಕರು. ಅವನೂ ನಕ್ಕ. ಇಬ್ಬರಿಗೂ ಅದು ಬರೀ ತಮಾಷೆಯಾಗಿತ್ತು.

ಜನ ಹಾಲು ಸುರಿದರು. ಆಗತಾನೇ ಕರೆದ ಬೆಚ್ಚಗಿನ ಹಾಲು ಬಿದ್ದರೂ ಪರದೆಯ ಅಂಕಿ ನಾಲ್ಕರಿಂದ ಅಲುಗಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಕೋಣೆಗೆ ಬೀಗ ಬಿತ್ತು. ತಂತ್ರಜ್ಞನಿಗೆ ಬಸ್ಸು ತಪ್ಪಿಹೋಗಿತ್ತು; ಕಾರ್ಯದರ್ಶಿಯ ಮನೆಯಲ್ಲೇ ಊಟ ಮಾಡಿ ಮಲಗಿದ.

ಅತ್ತ ತಣಿಸುವ ಯಂತ್ರ ಕೆಟ್ಟು ನಿಂತಿತು. ಸೈರನ್ ಕೂಗಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದಾಗ ಹುಳಿ ವಾಸನೆ ಬಂತು. ಪರದೆಯ ಮೇಲೆ ಆಗಲೂ ನಾಲ್ಕು ಡಿಗ್ರಿ.

ತಂತ್ರಜ್ಞ ಕುಳಿತು ಲಾಗನ್ನು ಮೊದಲಿನಿಂದ ಓದಿದ. ಹೊಸ ಆವೃತ್ತಿ ಉಷ್ಣಮಾಪಕವನ್ನು ಬೇರೆ ಹೆಸರಿನಿಂದ ಗುರುತಿಸುತ್ತಿತ್ತು. ಎರಡೂ ಸೇವೆಗಳು ಅದನ್ನು ಹಳೆಯ ಹೆಸರಿನಲ್ಲೇ ಹುಡುಕಿದ್ದವು. ಎರಡಕ್ಕೂ ಅದು ಸಿಕ್ಕಿರಲಿಲ್ಲ. ಒಂದು, ಸಿಗಲಿಲ್ಲವೆಂದು ಹೇಳಿ ನಿಂತಿತ್ತು. ಇನ್ನೊಂದು, ಹಿಂದೆ ಉಳಿಸಿಕೊಂಡಿದ್ದ ಅಂಕಿಯನ್ನೇ ತೋರಿಸುತ್ತ ಓಡುತ್ತಿತ್ತು. ಅವನು ನಿಲ್ಲಿಸಿದ್ದು ನಿಜ ಹೇಳಿದ್ದನ್ನು.

ಹೊರಗೆ ಬೆಳಗಿನ ಹಾಲು ತಂದವರು ಆಗಲೇ ಸೇರಿದ್ದರು. ಹುಳಿಯಾದದ್ದು ಯಾರದೆಂದು ಯಾರೂ ಕೇಳಲಿಲ್ಲ, ಎಲ್ಲರದೂ ಅದರಲ್ಲಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಚನ್ನವೀರ ಕೇಳಿದ:

“ಊರಿನವರು ಅವನನ್ನು ಸುಮ್ಮನೆ ಬಿಟ್ಟರೇ, ಗುರುಗಳೇ? ಕೊನೆಗೆ ಅವನು ತೆತ್ತದ್ದೇನು?”

“ದುಡ್ಡು ಕೊಡಲು ಹೋದ, ಯಾರೂ ಮುಟ್ಟಲಿಲ್ಲ, ಹಾಲನ್ನು ಚರಂಡಿಗೆ ಬಿಡುವ ಕೊಳಾಯಿಯನ್ನು ನೀನೇ ತಿರುಗಿಸು ಎಂದು ಹೇಳಿ, ಕ್ಯಾನು ಹಿಡಿದುಕೊಂಡೇ ನೋಡುತ್ತ ನಿಂತರು.”