ಐರಿ ಬೊಳ್ಳಪ್ಪ ಮತ್ತು ಎರಡನೇ ಗುಂಡು

ಮತ್ತೆ ಬಾಯಿ ಹಾಕಿದಿರಿ! ಕಥೆ ಹೇಳು, ಕಥೆ ಹೇಳು ಎಂದು ಸೆರಗು ಹಿಡಿದು ಎಳೆಯುವವರೂ ನೀವೇ, ನಾನು ಎರಡು ಮಾತು ಆಡುವಷ್ಟರಲ್ಲಿ ಅದು ಯಾಕೆ, ಇದು ಹೇಗೆ ಎಂದು ಅಡ್ಡ ಬರುವವರೂ ನೀವೇ. ಇದು ಮೂರನೇ ಸಲ. ದೇಚು, ನಿನಗೇ ಹೇಳುವುದು. ತಮ್ಮನನ್ನು ಚಿವುಟುವುದು ಬಿಟ್ಟು ಕಾಲು ಮಡಚಿ ಕೂತುಕೋ. ಪಕ್ಕದ ಮನೆಯ ಅಕ್ಕಂದಿರೇ, ನೀವೂ ಅಷ್ಟೆ. ನಿಮ್ಮ ಪಿಸುಮಾತು ನನ್ನ ಕಥೆಗಿಂತ ಜೋರಾಗಿದೆ. ಇದು ನನ್ನ ಗಂಡನ ಅಜ್ಜಿ ಹೇಳಿದ್ದು. ಅವರು ಒಂದೊಂದು ಸಲ ಒಂದೊಂದು ಥರ ಹೇಳಿ ನನ್ನ ತಲೆ ಕೆಡಿಸಿ ಹೋದರು. ಈಗ ನಿಮ್ಮ ಸರದಿ.

ಬಹಳ ಹಿಂದೆ, ಇಸವಿ ಗಿಸವಿ ಯಾರೂ ಬರೆದಿಡದ ಕಾಲದಲ್ಲಿ, ಕೊಡಗಿನ ಬೆಟ್ಟದ ಮಗ್ಗುಲಿಗೆ ಒಂದು ಊರಿತ್ತಂತೆ. ಆ ಊರಿನಲ್ಲಿ ಐರಿ ಬೊಳ್ಳಪ್ಪ ಎಂಬವನಿದ್ದನಂತೆ. ಐರಿಗಳೆಂದರೆ ಕಬ್ಬಿಣದ ಕೆಲಸ, ಮರದ ಕೆಲಸ ಮಾಡುವವರು. ಬೊಳ್ಳಪ್ಪನ ಕೆಲಸ ಕೋವಿ ರಿಪೇರಿ. ಅದೂ ಎಂಥ ಕೋವಿ? ದೊರೆಗಳು ಬಿಟ್ಟುಹೋದ ಹಳೇ ಕೋವಿ. ಅದರ ತೋಟಾಕ್ಕೆ, ಅಂದರೆ ಮದ್ದುಗುಂಡಿನ ಕೊಳವೆಗೆ, ನಡುವೆ ಹೊಡೆದರೆ ಏನೂ ಆಗುವುದಿಲ್ಲ, ಅಂಚಿಗೆ ಹೊಡೆದರೆ ಮಾತ್ರ ಸಿಡಿಯುತ್ತದೆ. ತೋಟಾ ಇಲ್ಲದೆ ಸುಮ್ಮನೆ ಕುದುರೆಯನ್ನು, ಅಂದರೆ ಹೊಡೆಯುವ ಸುತ್ತಿಗೆಯನ್ನು, ಹಿಂದಕ್ಕೆಳೆದು ಬಿಟ್ಟು ಟಕ್ ಟಕ್ ಎನಿಸಿದರೆ, ಅದರ ಮುಂದಿನ ಮೊಳೆ ಹೋಗಿ ತೋಟಾ ತುಂಬುವ ನಳಿಗೆಯ ಬಾಯಿಗೇ ಬಡಿದು ಅಲ್ಲಿ ಕಬ್ಬಿಣ ಒಳಕ್ಕೆ ಉಬ್ಬುತ್ತದೆ. ಆಮೇಲೆ ತೋಟಾ ಒಳಗೆ ಹೋಗುವುದಿಲ್ಲ, ಹೋದದ್ದು ಹೊರಗೆ ಬರುವುದಿಲ್ಲ.

ಆಗ ಮನೆಮನೆಯ ಬುದ್ಧಿವಂತರು ಕಬ್ಬಿಣ ಉಜ್ಜುವ ಅರ ಹಿಡಿದು ಕೂರುತ್ತಿದ್ದರಂತೆ. ಒಬ್ಬ ಉಬ್ಬನ್ನು ಉಜ್ಜಿ ತೆಗೆಯಲು ಹೋಗಿ ನಳಿಗೆಯ ಬಾಯನ್ನೇ ಅಗಲ ಮಾಡಿಟ್ಟ. ಇನ್ನೊಬ್ಬ ಮೊಳೆಯನ್ನು ಸೂಜಿಯಂತೆ ಮಸೆದ, ಅದು ತೋಟಾವನ್ನು ತೂತು ಮಾಡಿ ಹೊಗೆ ಅವನ ಕಣ್ಣಿಗೇ ಹೊಡೆಯಿತು. ಹಾಳು ಮಾಡುವಾಗ ಎಲ್ಲರೂ ಮೇಸ್ತ್ರಿಗಳೇ, ಕೆಟ್ಟ ಮೇಲೆ ಎಲ್ಲರ ದಾರಿಯೂ ಬೊಳ್ಳಪ್ಪನ ಕುಲುಮೆಗೆ.

ಬೊಳ್ಳಪ್ಪ ಮೊದಲು ಅರವನ್ನು ಮುಟ್ಟುತ್ತಿರಲಿಲ್ಲವಂತೆ. ನುಣ್ಣನೆಯ, ತುದಿ ಸಣ್ಣಗಾದ ಒಂದು ಉಕ್ಕಿನ ಕಡ್ಡಿಯನ್ನು ನಳಿಗೆಯ ಬಾಯಿಗೆ ಹಾಕಿ, ಒತ್ತಿ, ತಿರುಗಿಸಿ, ಮತ್ತೆ ಒತ್ತಿ, ಉಬ್ಬಿದ ಕಬ್ಬಿಣವನ್ನು ಅದರ ಜಾಗಕ್ಕೇ ಹಿಂದಕ್ಕೆ ಕಳಿಸುತ್ತಿದ್ದನಂತೆ. ಇರುವುದನ್ನು ತಳ್ಳಬಹುದು, ಉಜ್ಜಿ ಬೀಳಿಸಿದ್ದನ್ನು ಎಲ್ಲಿಂದ ತರಲಿ ಎಂದು ಗೊಣಗುತ್ತಿದ್ದನಂತೆ. ಕಿರುಬೆರಳ ಉಗುರು ಆಡಿಸಿದರೆ ಸಾಕು, ಯಾವ ಮನೆಯವನು ಎಷ್ಟು ಹಾಳು ಮಾಡಿದ್ದಾನೆಂದು ಹೇಳುತ್ತಿದ್ದನಂತೆ. ಅವನು ರಿಪೇರಿ ಮಾಡಿದ ಕೋವಿಯ ಸದ್ದು ಕೇಳಿದರೆ ಹಂದಿಗಳು ಮೂರು ಬೆಟ್ಟ ದಾಟುತ್ತಿದ್ದವಂತೆ. ಹಂದಿಗಳನ್ನು ಕೇಳಿದವರು ಯಾರು? ನನಗೆ ಗೊತ್ತಿಲ್ಲ, ಮುಂದೆ ಕೇಳಿ.

ಅದೇ ಊರಿನ ಮೇಲ್ಮನೆಯಲ್ಲಿ ಚೋಂದವ್ವ ಎಂಬ ಸೊಸೆಗೆ ಗಂಡುಮಗು ಹುಟ್ಟಿತಂತೆ. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಬೇಕು, ಅದು ಕ್ರಮ. ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು, ಎರಡು ಗುಂಡು. ಚೋಂದವ್ವನ ಗಂಡ ಮಂದಪ್ಪ ಜಗಲಿಗೆ ಎರಡು ಕೋವಿ ತಂದನಂತೆ. ತೋಟಾ ಹಳೆಯದು, ಒಂದು ಸಿಡಿಯದಿದ್ದರೆ ಇನ್ನೊಂದಿರಲಿ ಎಂದು. ಒಂದನ್ನು ಕೈಯಲ್ಲಿ ಹಿಡಿದ. ಇನ್ನೊಂದನ್ನು ತುಂಬಿ, ಕುದುರೆ ಹಿಂದಕ್ಕೆಳೆದಿಟ್ಟು, ತುದಿ ಮೇಲಾಗಿ ಕಂಬಕ್ಕೆ ಒರಗಿಸಿದ.

ಕೈಯಲ್ಲಿದ್ದದ್ದು ಢಂ ಎಂದಿತು. ಜಗಲಿಯ ಹಲಗೆ ಅದುರಿತು. ಕಂಬಕ್ಕೆ ಒರಗಿದ್ದದ್ದು ಜಾರಿತು, ಬುಡ ನೆಲಕ್ಕೆ ಕುಟ್ಟಿತು, ಅದೂ ಢಂ ಎಂದಿತು. ಗುಂಡು ಸೂರು ತೂರಿ ಆಕಾಶಕ್ಕೆ ಹೋಯಿತು.

ಎರಡು ಗುಂಡು! ಇಡೀ ಬೆಟ್ಟ ಕೇಳಿತು. ಗದ್ದೆಯಲ್ಲಿದ್ದವರು ಗದ್ದೆ ಬಿಟ್ಟರು, ಒಲೆ ಮುಂದಿದ್ದವರು ಒಲೆ ಬಿಟ್ಟರು. ಎಲ್ಲರೂ ಬಿಳಿ ಬಟ್ಟೆ ಉಟ್ಟು ಅಳುತ್ತಾ ಬಂದರು. ಯಾರು ಹೋದರು ಎಂದು ಬಂದವರು ಮನೆಯವರನ್ನು ಕೇಳಿದರು, ಯಾರು ಹೋದರು ಎಂದು ಮನೆಯವರು ಬಂದವರನ್ನು ಕೇಳಿದರು. ಮನೆಯ ಹಿರಿಯ ತನ್ನ ಮೈಯನ್ನೇ ಮುಟ್ಟಿ ನೋಡಿಕೊಂಡನಂತೆ. ಒಳಗೆ ಮಲಗಿದ್ದ ಚೋಂದವ್ವ ಅಷ್ಟು ಜನರ ಅಳು ಕೇಳಿ, ಹಾಲು ಕುಡಿಯುತ್ತಿದ್ದ ಮಗುವಿನ ಮೂಗಿಗೆ ಬೆರಳಿಟ್ಟು ಉಸಿರು ನೋಡಿದಳಂತೆ. ಮತ್ತೆ ನೋಡಿದಳಂತೆ. ಹನ್ನೊಂದು ದಿನವೂ ನೋಡುತ್ತಲೇ ಇದ್ದಳಂತೆ.

ಯಾಕೆಂದರೆ ಮನೆಯ ಹಿರಿಯ ಹೇಳಿಬಿಟ್ಟ: ಕೋವಿಯನ್ನು ಯಾರೂ ಮುಟ್ಟಿಲ್ಲ, ತಾನಾಗಿ ಹಾರಿದೆ. ಹಾರಿಸಿದ್ದು ಗುರುಕಾರಣ, ನಮ್ಮ ಕುಲದ ಮೂಲಪುರುಷ. ಈ ಮಗು ಅವನಿಗೆ ಬೇಡ. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ ಮನೆತನದ ಹೆಸರಿಡುವುದಿಲ್ಲ. ತಾಯಿ, ಮಗು ಇಬ್ಬರೂ ತವರಿಗೆ ಹೋಗಲಿ. ಕೋವಿಗೆ ಏನಾದರೂ ಮಾಡಿದ್ದೀಯಾ ಎಂದು ಮಂದಪ್ಪನನ್ನು ಕೇಳಿದರಂತೆ. ನಾನು ಮುಟ್ಟಿಲ್ಲ ಎಂದನಂತೆ.

ಚೋಂದವ್ವ ಬಾಣಂತಿಕೋಣೆಯಿಂದಲೇ ಹೇಳಿಕಳಿಸಿದಳಂತೆ, ಬೊಳ್ಳಪ್ಪ ಬಂದು ನೋಡಲಿ, ಅವನು ನೋಡದೆ ನಾನು ಹೊಸ್ತಿಲು ದಾಟುವುದಿಲ್ಲ ಎಂದು.

ಹನ್ನೊಂದನೇ ದಿನ ಬೊಳ್ಳಪ್ಪ ಬಂದ. ಕೆಲವರು ನಡೆದು ಬಂದ ಎನ್ನುತ್ತಾರೆ, ಕೆಲವರು ಮಳೆಗೆ ಹೊಳೆ ತುಂಬಿದ್ದಾಗ ನೀರಿನ ಮೇಲೆ ಬಂದ ಎನ್ನುತ್ತಾರೆ. ನಡೆದೇ ಬಂದಿರಬೇಕು. ಜಗಲಿಯಲ್ಲಿ ಚಾಪೆ ಹಾಸಿ ಕೂತ. ಖಾಲಿ ಕುದುರೆ ಹೊಡೆಯುವವನಲ್ಲ ಅವನು, ತಾನಾಗಿ ಹಾರಿದ ಕೋವಿಯೊಳಗೆ ಸುಟ್ಟ ತೋಟಾದ ಕೊಳವೆಯೊಂದನ್ನು ಇಟ್ಟ. ಕುದುರೆ ಹಿಂದಕ್ಕೆಳೆದಿಟ್ಟ. ಕೋವಿಯ ಬುಡವನ್ನು ಮೆಲ್ಲಗೆ ನೆಲಕ್ಕೆ ತಾಗಿಸಿದ. ಟಕ್. ಗುಂಡು ಹಾರಿಸುವ ಬೆರಳು ಎಲ್ಲೂ ತಾಗಿಲ್ಲ. ಮತ್ತೆ ಎಳೆದ, ತಾಗಿಸಿದ. ಟಕ್. ಹೀಗೆ ಏಳು ಸಲ.

"ನೋಡಿದೆಯಾ, ಗುರುಕಾರಣ!" ಎಂದ ಹಿರಿಯ.

"ಅಣ್ಣಯ್ಯ, ಗುರುಕಾರಣರಿಗೆ ಬೇರೆ ಕೆಲಸ ಇಲ್ಲವಾ? ನಾನು ಕುಟ್ಟಿದಾಗಲೆಲ್ಲ ಬರುತ್ತಿದ್ದಾರಲ್ಲ!" ಎಂದ ಬೊಳ್ಳಪ್ಪ.

ಒಳಗಿಂದ ಬಾಣಂತಿ ನಕ್ಕದ್ದು ಹೊರಗೆ ಕೇಳಿತಂತೆ. ಹನ್ನೊಂದು ದಿನದಲ್ಲಿ ಅದೇ ಮೊದಲ ನಗು.

ಬೊಳ್ಳಪ್ಪ ಕೋವಿ ಬಿಚ್ಚಿದ. ಕುದುರೆಯನ್ನು ಹಿಡಿದಿಡುವ ಸಣ್ಣ ಕೊಕ್ಕೆಯನ್ನು ಹೊರತೆಗೆದು ಎಲ್ಲರಿಗೂ ತೋರಿಸಿದ. ಬೆರಳು ಎಳೆದಾಗ ಮಾತ್ರ ಬಿಡಬೇಕಾದ ಕೊಕ್ಕೆ ಅದು. ಅದರ ಮೂತಿಯನ್ನು ಯಾರೋ ಉಜ್ಜಿದ್ದರು. ಎಳೆಯಲು ಹಗುರಾಗಲಿ, ಆಯುಧಗಳನ್ನು ಪೂಜಿಸುವ ಕೈಲ್ ಪೋಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ತಪ್ಪದಿರಲಿ ಎಂದು ಉಜ್ಜಿದ್ದು. ಗೆರೆಗಳು ಕಾಣುತ್ತಿದ್ದವು. ನಾಲ್ಕು ಸಣ್ಣ ಗೆರೆ, ಒಂದು ದಪ್ಪ ಗೆರೆ, ಮತ್ತೆ ನಾಲ್ಕು ಸಣ್ಣ. ಇದು ಹಲ್ಲು ಮುರಿದ ಅರ, ಯಾರದ್ದು ಎಂದು ಕೇಳಿದ.

ಮಂದಪ್ಪ ಚಾಪೆಯ ಅಂಚನ್ನು ನೋಡುತ್ತಾ ಕೂತಿದ್ದನಂತೆ.

ಆಗ ಬಾಣಂತಿಕೋಣೆಯ ಹೊಸ್ತಿಲಿನಿಂದ ಒಂದು ಕತ್ತಿ ನೆಲದ ಮೇಲೆ ಜಾರಿ ಬಂತಂತೆ. ಕೆಟ್ಟ ಗಾಳಿ ತಾಗದಿರಲೆಂದು ಎಳೆಮಗುವಿನ ತಲೆಯ ಹತ್ತಿರ ಕಬ್ಬಿಣ ಇಡುತ್ತೇವಲ್ಲ, ಆ ಕತ್ತಿ. ಹೆರಿಗೆಯ ಹಿಂದಿನ ದಿನ ಮಂದಪ್ಪನೇ ಅದನ್ನು ತನ್ನ ಅರದಿಂದ ಮಸೆದು ಕೊಟ್ಟಿದ್ದ. ಬೊಳ್ಳಪ್ಪ ಕತ್ತಿಯನ್ನು ಬೆಳಕಿಗೆ ಹಿಡಿದ. ನಾಲ್ಕು ಸಣ್ಣ ಗೆರೆ, ಒಂದು ದಪ್ಪ ಗೆರೆ, ಮತ್ತೆ ನಾಲ್ಕು ಸಣ್ಣ. ಹಿರಿಯನ ಕೈಗೆ ಕೊಟ್ಟ. ಹಿರಿಯ ಕೊಕ್ಕೆ ನೋಡಿದ, ಕತ್ತಿ ನೋಡಿದ, ಮಂದಪ್ಪನನ್ನು ನೋಡಿದ. ಚೋಂದವ್ವ ಒಂದು ಮಾತೂ ಆಡಲಿಲ್ಲವಂತೆ. ನಾನಾಗಿದ್ದರೆ ಕತ್ತಿಯ ಜೊತೆ ಇನ್ನೂ ಏನೇನೋ ಹೊರಗೆ ಬರುತ್ತಿತ್ತು.

ಮರುದಿನ ಮಗು ತೊಟ್ಟಿಲು ಏರಿತು, ಮನೆತನದ ಹೆಸರೂ ಬಂತು. ಉಜ್ಜಿಹೋದ ಕೊಕ್ಕೆಯನ್ನು ಸರಿಮಾಡಲು ಬರುವುದಿಲ್ಲ ಎಂದ ಬೊಳ್ಳಪ್ಪ, ಮಂದಪ್ಪನ ಅರವನ್ನೇ ಕೇಳಿ ಪಡೆದನಂತೆ. ಅದನ್ನು ಕೆಂಪಗೆ ಕಾಯಿಸಿ, ಆರಲು ಬಿಟ್ಟು ಮೆತ್ತಗೆ ಮಾಡಿ, ಅದರಿಂದಲೇ ಹೊಸ ಕೊಕ್ಕೆ ಕೊಯ್ದು, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದನಂತೆ. ಆ ಕೋವಿ ಮತ್ತೆ ತಾನಾಗಿ ಹಾರಲಿಲ್ಲ. ಮಂದಪ್ಪ ಏನಾದ? ಮಗುವಿನ ಕಾಲು ಹಿಡಿದು ಅತ್ತ ಎಂದು ಅಜ್ಜಿ ಒಮ್ಮೆ ಹೇಳಿದರು. ಮೂರು ಮಳೆಗಾಲ ಮನೆಗೇ ಬರಲಿಲ್ಲ ಎಂದು ಇನ್ನೊಮ್ಮೆ ಹೇಳಿದರು. ಏನೂ ಆಗಲಿಲ್ಲ, ಊಟಕ್ಕೆ ಬಂದು ಕೂತ, ಚೋಂದವ್ವ ಬಡಿಸಿದಳು ಎಂದೂ ಹೇಳಿದರು. ಯಾವುದು ನಿಜವೋ! ಬೊಳ್ಳಪ್ಪ ಯಾವಾಗ ತೀರಿಕೊಂಡ, ಎಲ್ಲಿ ಮಣ್ಣಾದ, ಅದೂ ಯಾರಿಗೂ ತಿಳಿಯದು.

ಈಗಲೂ ಆ ಕಡೆ ಕೈಲ್ ಪೋಳ್ದಿನಲ್ಲಿ ಕೋವಿಗಳನ್ನು ಪೂಜೆಗೆ ಇಡುವ ಮೊದಲು, ಮನೆಯಲ್ಲಿರುವ ಅರಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಹಿತ್ತಲಿಗೆ ಒಯ್ದಿಡುತ್ತಾರೆ. ಐರಿ ಬೊಳ್ಳಪ್ಪನ ಹೆಸರಲ್ಲಿ ಒಂದು ಎಲೆಗೆ ಕಡುಬು ಇಡುತ್ತಾರೆ. ಮಗು ಹುಟ್ಟಿ ಗುಂಡು ಹಾರಿಸಿದವನು, ಹೊಗೆ ಹೋಗುವ ಮೊದಲೇ ಬೆಟ್ಟಕ್ಕೆ ಕೇಳುವಂತೆ "ಒಂದೇ!" ಎಂದು ಕೂಗುತ್ತಾನೆ. ಆಚೆ ಬೆಟ್ಟದಲ್ಲಿ ಕೇಳಿಸಿಕೊಂಡವರು "ಒಂದೇ!" ಎಂದು ತಿರುಗಿ ಕೂಗುತ್ತಾರೆ. ಇಲ್ಲಿಗೆ ನಾನು ಕೇಳಿದ್ದು ಮುಗಿಯಿತು, ಎದ್ದು ಕೈಕಾಲು ತೊಳೆಯಿರಿ ಎಂದೆ.

ದೇಚು ಏಳಲಿಲ್ಲ.

"ಅವ್ವಾ, ತಾನೇ ಉಜ್ಜಿದ್ದು ಅಂತ ಮಂದಪ್ಪನಿಗೆ ಮೊದಲನೇ ದಿನವೇ ಗೊತ್ತಿತ್ತಲ್ಲ. ಅವಳು ಒಳಗೆ ಹನ್ನೊಂದು ದಿನ ಮಗುವಿನ ಮೂಗಿಗೆ ಬೆರಳಿಟ್ಟು ನೋಡುತ್ತಾ ಇದ್ದಳಲ್ಲ. ಅವನು ಯಾಕೆ ಸುಮ್ಮನೆ ಕೂತಿದ್ದ?"