ಕಾಳವ್ವನ ಕಮಾನು

ನೀರಗುಂದಿಯ ಪುರಸಭೆ ಕಟ್ಟಡಕ್ಕೆ ಮುಂಭಾಗದಲ್ಲಿ ಐದು ಕಮಾನುಗಳಿವೆ. ಕರಿಕಲ್ಲಿನ ಗೋಡೆ, ತೇಗದ ಜಂತಿ, ಸುರುಳಿ ಮೆಟ್ಟಿಲಿನ ಗೋಪುರ; ಖಾತೆ ಬದಲಾವಣೆಗೆಂದು ಅಲೆಯುವವರಿಗೆ ಇದನ್ನೆಲ್ಲ ನೋಡುವ ಪುರುಸೊತ್ತೆಲ್ಲಿ? ಆದರೂ ಎಷ್ಟೇ ಅವಸರವಿರಲಿ, ನಡುವಿನ ದೊಡ್ಡ ಕಮಾನಿನಡಿ ಊರವರು ಯಾರೂ ಹಾಯುವುದಿಲ್ಲ. ಅದು ಕಾಳವ್ವನದು ಎನ್ನುತ್ತಾರೆ.

ಹಿಂದೆ ಒಮ್ಮೆ, ಊರಿಗೆ ಪುರಸಭೆ ಹೊಸದಾಗಿ ಬಂದ ಕಾಲದಲ್ಲಿ, ಮಾನಪ್ಪನೆಂಬ ಗೌಂಡಿ ಈ ಕಮಾನುಗಳನ್ನು ಕಟ್ಟಿದನಂತೆ. ಗಾರೆ ಅರೆಯುವವಳು ಅವನ ಹೆಂಡತಿ ಕಾಳವ್ವ. ಕಮಾನಿನ ತುದಿಯಲ್ಲಿ ನೆತ್ತಿಗಲ್ಲು ಕೂತ ಮೇಲೆ ನಲವತ್ತು ದಿನ ಅಡಿಯ ಮರದ ಆಸರೆಯನ್ನು ಮುಟ್ಟುವಂತಿಲ್ಲ. ಬಿಚ್ಚುವ ದಿನ ಕಟ್ಟಿದವನೇ ಕಮಾನಿನಡಿ ನಿಲ್ಲಬೇಕು. ಅದು ಗೌಂಡಿಗಳ ಕಟ್ಟಳೆ. ಸಂದಿಗೆ ಉಗುರು ಊರಿ ಗಾರೆ ಒಣಗಿತೋ ಇಲ್ಲವೋ ಹೇಳುವವಳು ಕಾಳವ್ವ. ಅವಳ ಮಾತಿಗೆ ಎರಡಿರಲಿಲ್ಲ. ನಾಲ್ಕು ಕಮಾನುಗಳು ಹೀಗೆಯೇ ನಿಂತವು. ಐದನೆಯದಕ್ಕೆ, ಅಂದರೆ ನಡುವಿನ ದೊಡ್ಡದಕ್ಕೆ, ಜಡಿಮಳೆ ಹಿಡಿಯಿತು, ಜೊತೆಗೆ ದೊಡ್ಡ ಸಾಹೇಬರು ಉದ್ಘಾಟನೆಗೆ ಬರುವ ದಿನವೂ ಗೊತ್ತಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ. ಇಪ್ಪತ್ತೆರಡನೆಯ ದಿನವೇ ಆಸರೆ ಬಿಚ್ಚಲು ಪುರಸಭೆಯ ಅಧ್ಯಕ್ಷರು ಹುಕುಂ ಕೊಟ್ಟರು. ಆ ಮುಂಜಾನೆ ಕಾಳವ್ವ ಊರಿದ ಉಗುರು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

“ಇನ್ನೂ ಹಸಿ ಐತಿ. ನೀ ನಿಂದರಬ್ಯಾಡ,” ಎಂದು ಗಂಡನ ಕಿವಿಯಲ್ಲಿ ಹೇಳಿದಳು.

“ನಿಂದರೂದಿಲ್ಲ ಅಂದ್ರ ಉಳಿದ ನಾಕೂ ಸುಳ್ಳು ಅಂತಾರ ಮಂದಿ. ಸುಮ್ಮನಿರು,” ಎಂದ ಮಾನಪ್ಪ.

ಅಧ್ಯಕ್ಷರು ರೂಢಿಯಂತೆ ಎಲ್ಲರೆದುರು ಅವಳನ್ನೇ ಕೇಳಿದರು: “ಏನವಾ, ಒಣಗೇತೇನು?” ಅವಳು ಗಂಡನ ಮುಖ ನೋಡಿದಳು. ಅವನ ಕಣ್ಣು ಬೇಡುತ್ತಿತ್ತು. “ಒಣಗೇತ್ರಿ,” ಎಂದಳು. ಆಸರೆ ಬಿಚ್ಚಿದರು. ಕಲ್ಲುಗಳನ್ನು ಸರಿಸಿ ಮಾನಪ್ಪನನ್ನು ಹೊರತೆಗೆಯಲು ಸಂಜೆಯಾಯಿತು.

ಕೆಟ್ಟ ಮೇಲೆ ಬುದ್ಧಿ ಬಂತು. ಪರವೂರ ಗೌಂಡಿಗಳು ಮತ್ತೆ ಕಟ್ಟಿದಾಗ ನಲವತ್ತಲ್ಲ, ಎಂಬತ್ತು ದಿನ ಕಾದರು. ಕಮಾನು ಬಂಡೆಯಂತೆ ನಿಂತಿತು. ಆದರೆ ಕಾಳವ್ವ ಸಾಯುವವರೆಗೆ ದಿನಾ ಬಂದು, ಕಮಾನಿನ ಕಂಬದ ಸಂದಿಗೆ ಉಗುರು ಊರಿ, “ಹಸಿ ಐತಿ, ಹಾಯಬ್ಯಾಡ್ರಿ” ಎಂದು ಕಂಡಕಂಡವರನ್ನು ಅಂಗಲಾಚುತ್ತಿದ್ದಳಂತೆ. ಮೊದಮೊದಲು ಜನ ನಕ್ಕರು. ಅವಳು ಸತ್ತು ಮೂರು ದಿನವಾದ ಮೇಲೂ ಅದೇ ಧ್ವನಿ ಕೇಳಿದಾಗ ಯಾರೂ ನಗಲಿಲ್ಲ.

ಇಂದಿಗೂ ಆ ಕಂಬದಲ್ಲಿ ಹೆಂಗಸಿನ ಕೈಗೆಟಕುವಷ್ಟು ಎತ್ತರದಲ್ಲಿ ಉಗುರಿನ ಗುರುತುಗಳು ಕಾಣುತ್ತವೆ. ಪುರಸಭೆಯವರು ವರ್ಷಕ್ಕೊಮ್ಮೆ ಸಿಮೆಂಟು ಮೆತ್ತಿಸುತ್ತಾರೆ. ಅದು ಒಣಗಿ ಗಟ್ಟಿಯಾದ ಮೇಲೆ ಗುರುತುಗಳು ಮತ್ತೆ ಮೂಡುತ್ತವೆ. ಕಥೆಯನ್ನೇ ಕೇಳಿರದ ಪರವೂರ ಹೆಂಗಸರೂ ಅಲ್ಲಿಗೆ ಬಂದರೆ ಸರಕ್ಕನೆ ನಿಂತು, ಜೊತೆಗಿರುವ ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ.