ನಾಲ್ಕನೆಯ ಕಾಲಂ

ಬಸ್ ನಿಗಮದ ದೊಡ್ಡ ಸಾಹೇಬರು ಪ್ರಯಾಣಿಕರ ಸುಖ ಅಧ್ಯಯನ ಮಾಡಲು ಅಮೆರಿಕಕ್ಕೆ ಹೊರಟಿದ್ದರು. ಗುಮಾಸ್ತೆಯನ್ನು ಕರೆದು ಗುಡುಗಿದರು: "ರೀ ತಿಪ್ಪಮ್ಮ, ಮೂರು ವಿಮಾನಗಳ ಬಿಸಿನೆಸ್ ಕ್ಲಾಸ್ ಹೋಲಿಸಿ ಪಟ್ಟಿ ಮಾಡಿ. ಸೀಟು ಪೂರ್ತಿ ಹಾಸಿಗೆ ಆಗಬೇಕು. ನಾಳೆ ಬೋರ್ಡ್ ಮೀಟಿಂಗಿಗೆ ಇಡಬೇಕು!"

ತಿಪ್ಪಮ್ಮನಿಗೆ ಮೈಯೆಲ್ಲ ಉರಿಯಿತು. ಡಿಪೋದಲ್ಲಿ ತಂಗುವ ಡ್ರೈವರುಗಳಿಗೆ ಹಾಸಿಗೆ ಕೊಡಿ ಎಂದು ಅವಳು ಕಳಿಸಿದ ಫೈಲನ್ನು ಇದೇ ಮಹಾಶಯರು ಮೂರು ಸಲ ವಾಪಸ್ ಎಸೆದಿದ್ದರು. 'ಈಗಿರುವ ವ್ಯವಸ್ಥೆ' ಎಂಬ ಕಾಲಂ ಇಲ್ಲದ ಪಟ್ಟಿಗೆ ಸಹಿ ಹಾಕುವುದಿಲ್ಲವಂತೆ!

ಸರಿ, ಈ ಸಲ ಆ ಕಾಲಂ ಹಾಕಿದಳು. ಮೂರು ವಿಮಾನಗಳ ಪಕ್ಕ ನಾಲ್ಕನೆಯದು. ಹಾಸಿಗೆ: ಬಸ್ಸಿನ ನೆಲ. ದಿಂಬು: ಮಡಚಿದ ಖಾಕಿ ಅಂಗಿ. ಮಲಗುವವರು: ನಮ್ಮ ಡ್ರೈವರುಗಳು. ಕಾಲಂ ಇದೆಯೆಂದು ನೋಡಿದ ಸಾಹೇಬರು ಓದದೆಯೇ ಸಹಿ ಹಾಕಿದರು.

ಮೀಟಿಂಗಿನಲ್ಲಿ ಅಧ್ಯಕ್ಷೆ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಮುಖ ಕಪ್ಪಿಟ್ಟ ಸಾಹೇಬರು ಹಿಂದೆ ಫೈಲು ಹಿಡಿದು ನಿಂತಿದ್ದ ತಿಪ್ಪಮ್ಮನತ್ತ ತಿರುಗಿದರು.

"ಇದನ್ನು ಬರೆಯಲು ಯಾರ್ರೀ ಹೇಳಿದ್ದು?"

"ನೀವೇ ಸಾರ್, ಮೂರು ಸಲ," ಎಂದಳು ತಿಪ್ಪಮ್ಮ.

ಅಧ್ಯಕ್ಷೆ ಡ್ರೈವರುಗಳ ಹಾಸಿಗೆ ಫೈಲು ತರಿಸಿ ಅಲ್ಲೇ ಮಂಜೂರು ಮಾಡಿದರು. ಆಮೇಲೆ ಸಾಹೇಬರ ಪಟ್ಟಿಯ ನಾಲ್ಕನೆಯ ಕಾಲಂಗೆ ಟಿಕ್ ಹಾಕಿದರು.

"ಹಾಸಿಗೆ ಬರುವವರೆಗೆ ನಿಮ್ಮ ಅಧ್ಯಯನ ಇಲ್ಲೇ ನಡೆಯಲಿ. ದಿಂಬು ಒಯ್ಯಬೇಡಿ, ಮೈಮೇಲೆ ಅಂಗಿ ಇದೆಯಲ್ಲ!"